ಒದ್ದೆಯ ಲೆಕ್ಕ

ಸಂಶೋಧನಾ ಯೋಜನೆಯ ಅರ್ಜಿ ಬರೆಯುವುದು ಲಗ್ನಪತ್ರಿಕೆ ಬರೆದ ಹಾಗಲ್ಲ. ಲಗ್ನಪತ್ರಿಕೆ ಬರೆಯುವ ಹೊತ್ತಿಗೆ ವರ ಯಾರು, ವಧು ಯಾರು, ಮುಹೂರ್ತ ಎಷ್ಟು ಗಂಟೆಗೆ ಎಂಬುದೆಲ್ಲ ನಿಶ್ಚಯವಾಗಿರುತ್ತದೆ. ಸಂಶೋಧನೆಯ ಅರ್ಜಿಯಲ್ಲಾದರೋ ಇನ್ನೂ ತಿಳಿಯದ ಸಂಗತಿಯನ್ನು ಯಾವ ತಿಂಗಳಲ್ಲಿ ತಿಳಿದುಕೊಳ್ಳುತ್ತೇವೆ, ಅದಕ್ಕೆ ಎಷ್ಟು ರೂಪಾಯಿ ಬೀಳುತ್ತದೆ, ತಿಳಿದ ಮೇಲೆ ದೇಶಕ್ಕೆ ಏನು ಲಾಭ ಎಂದು ಮುಂಚಿತವಾಗಿಯೇ ಬರೆದುಕೊಡಬೇಕು. ಎಲ್ಲ ಗೊತ್ತಿದ್ದರೆ ಸಂಶೋಧನೆ ಯಾಕೆ ಬೇಕಿತ್ತು ಎಂದು ಅರ್ಜಿ ನೋಡುವವರೂ ಕೇಳುವುದಿಲ್ಲ, ಬರೆಯುವವರೂ ಕೇಳಿಕೊಳ್ಳುವುದಿಲ್ಲ. ಆಟದ ನಿಯಮ ಇಬ್ಬರಿಗೂ ಗೊತ್ತು. ಆದರೂ ಈ ಅರ್ಜಿ ಬರೆಯುವ ಕೆಲಸ ನನಗೆ ಇಷ್ಟ. ಪ್ರಯೋಗ ಶುರುವಾದ ಮೇಲೆ ಕೈಗೂ ತಲೆಗೂ ಬಿಡುವಿರುವುದಿಲ್ಲ. ಶುರುವಾಗುವ ಮುಂಚೆ ಮಾತ್ರ, ಇದನ್ನು ನಾವು ಯಾರಿಗಾಗಿ ಮಾಡುತ್ತಿದ್ದೇವೆ ಎಂದು ಯೋಚಿಸುವುದಕ್ಕೆ ಪುರುಸೊತ್ತು ಸಿಕ್ಕುತ್ತದೆ.

ನಾನು ಮಲೆನಾಡಿನ ಅಂಚಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಮೇಷ್ಟ್ರು. ಬಹಳ ವರ್ಷಗಳಿಂದ ನೋಡುತ್ತಿದ್ದೇನೆ, ಪ್ರತಿ ಸಾಲಿನ ವಿದ್ಯಾರ್ಥಿಗಳಲ್ಲೂ ಒಂದಿಬ್ಬರಾದರೂ 'ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್ ಮೇಲೆ ಪ್ರಾಜೆಕ್ಟ್ ಮಾಡ್ತೇನೆ ಸರ್' ಎನ್ನುತ್ತಾರೆ. ಕನ್ನಡದಲ್ಲಿ ನಿಸ್ತಂತು ಸಂವೇದಕ ಜಾಲ ಎನ್ನಬಹುದು; ಹೆಸರು ಕೇಳಿ ಹೆದರಬೇಕಾಗಿಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದರೊಳಗೆ ಶಾಖವನ್ನೋ ತೇವವನ್ನೋ ಅಳೆಯುವ ಸೆನ್ಸರ್, ಅಳೆದದ್ದನ್ನು ಲೆಕ್ಕ ಹಾಕುವ ಪುಟ್ಟ ಗಣಕ, ಹೊರಗೆ ಹೇಳುವ ಪುಟ್ಟ ರೇಡಿಯೋ, ಇವಕ್ಕೆಲ್ಲ ಅನ್ನ ಹಾಕುವ ಬ್ಯಾಟರಿ. ಇಂಥ ಹತ್ತಾರು ಪೆಟ್ಟಿಗೆಗಳನ್ನು ಕಾಡಿನಲ್ಲೋ ಹೊಲದಲ್ಲೋ ಇಟ್ಟರೆ, ಹಿಂದೆ ಬೆಂಕಿ ಬಿದ್ದ ಮನೆಗೆ ಬಾವಿಯಿಂದ ಜನ ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಹಾಗೆ, ಒಂದರ ಸುದ್ದಿಯನ್ನು ಇನ್ನೊಂದು ದಾಟಿಸುತ್ತ ಕೊನೆಗೆ ಮನೆಯ ಜಗಲಿಯ ಮೇಲಿರುವ ಗಣಕಕ್ಕೆ ತಂದು ಮುಟ್ಟಿಸುತ್ತವೆ. ಇಷ್ಟೇ ವಿಷಯ.

ಇಷ್ಟೇ ವಿಷಯದ ಮೇಲೆ ಪ್ರಪಂಚದಲ್ಲಿ ಬರೆದಿರುವ ಪ್ರಬಂಧಗಳನ್ನು ತೂಗಿದರೆ ಒಂದು ಲಾರಿ ಲೋಡು ಆದೀತು. ತೊಂಬತ್ತರ ದಶಕದ ಕೊನೆಗೆ ಅಮೆರಿಕದ ಬರ್ಕಲಿ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಪಿಸ್ಟರ್ ಎಂಬ ಪ್ರಾಧ್ಯಾಪಕರು, ಈ ಪೆಟ್ಟಿಗೆಯನ್ನು ಒಂದು ಘನ ಮಿಲಿಮೀಟರಿಗೆ ಇಳಿಸಿ ಧೂಳಿನ ಹಾಗೆ ತೂರಬಹುದು ಎಂಬ ಕನಸು ಕಂಡು ಅದಕ್ಕೆ 'ಸ್ಮಾರ್ಟ್ ಡಸ್ಟ್', ಜಾಣ ಧೂಳು, ಎಂದು ಹೆಸರಿಟ್ಟರು. ೨೦೦೦ದಲ್ಲಿ ಎಂ.ಐ.ಟಿ.ಯಿಂದ 'ಲೀಚ್' ಎಂಬ ಕ್ರಮ ಬಂತು. ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು, ಆದರೆ ಕಿವಿಗೆ ಬೀಳುವಾಗ ನಮ್ಮ ಉಂಬಳವೇ. ಪೆಟ್ಟಿಗೆಗಳು ಗುಂಪು ಕಟ್ಟಿಕೊಂಡು ತಮ್ಮಲ್ಲಿ ಒಂದನ್ನು ಯಜಮಾನನನ್ನಾಗಿ ಮಾಡಿಕೊಳ್ಳುತ್ತವೆ. ಯಜಮಾನ ಎಲ್ಲರ ಸುದ್ದಿಯನ್ನೂ ಕೂಡಿಸಿ ದೂರಕ್ಕೆ ಕಳಿಸಬೇಕು. ಅದಕ್ಕೆ ಬ್ಯಾಟರಿ ಹೆಚ್ಚು ಸುಡುತ್ತದೆ. ಆದ್ದರಿಂದ ಯಜಮಾನಿಕೆ ಸರದಿಯ ಮೇಲೆ ತಿರುಗುತ್ತಿರುತ್ತದೆ. ಒಳ್ಳೆಯ ಉಪಾಯ, ಅನೇಕ ಕೂಡುಕುಟುಂಬಗಳಿಗೂ ಹೊಳೆಯದ ಉಪಾಯ. ಅಲ್ಲಿಂದ ಈಚೆಗೆ ನಮ್ಮ ಹುಡುಗರು ಈ ಉಂಬಳಕ್ಕೆ ಒಂದೊಂದು ಬಾಲ ಸೇರಿಸುತ್ತ ಬಂದಿದ್ದಾರೆ. ಗಣಕದ ಪರದೆಯ ಮೇಲೆ ನೂರು ಮೀಟರ್ ಉದ್ದಗಲದ ಚೌಕ ಬರೆದು, ಅದರಲ್ಲಿ ನೂರು ಚುಕ್ಕೆ ಚೆಲ್ಲಿ, ಚುಕ್ಕೆಗಳ ಬ್ಯಾಟರಿ ಎಷ್ಟು ಹೊತ್ತು ಬಾಳಿತು ಎಂದು ಲೆಕ್ಕ ಹಾಕಿ, ಹಿಂದಿನವರಿಗಿಂತ ನಮ್ಮದು ಶೇಕಡಾ ಇಷ್ಟು ಉತ್ತಮ ಎಂದು ಬರೆದರೆ ಪ್ರಬಂಧ ಮುಗಿಯಿತು. ಆ ಚೌಕದಲ್ಲಿ ಮರವಿಲ್ಲ, ಮಳೆಯಿಲ್ಲ, ಮಂಗವಿಲ್ಲ. ನಿಜವಾದ ಉಂಬಳವಂತೂ ಇಲ್ಲವೇ ಇಲ್ಲ.

ಹೊರಗೆ ಹೋಗಿ ನೋಡಿದವರೂ ಇದ್ದಾರೆ. ೨೦೦೨ರಲ್ಲಿ ಬರ್ಕಲಿಯ ತಂಡವೊಂದು ಅಮೆರಿಕದ ಮೇನ್ ರಾಜ್ಯದ ಕರಾವಳಿಯಾಚೆಯ ಗ್ರೇಟ್ ಡಕ್ ಎಂಬ ದ್ವೀಪದಲ್ಲಿ ೩೨ ಪೆಟ್ಟಿಗೆಗಳನ್ನು ಇಟ್ಟಿತು. ಅಲ್ಲಿ ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಒಂದು ಕಡಲಹಕ್ಕಿಯಿದೆ. ಅದರ ಹೆಸರಿನಲ್ಲೂ ಒಬ್ಬ ಲೀಚ್ ಇದ್ದಾನೆ, ಈ ಸಲ ಆತ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ. ಹಕ್ಕಿ ಯಾವ ಬಿಲವನ್ನು ಯಾಕೆ ಆರಿಸುತ್ತದೆ, ಬಿಲದೊಳಗೆ ಶಾಖ ಎಷ್ಟು, ತೇವ ಎಷ್ಟು ಎಂಬುದು ಪಕ್ಷಿ ಶಾಸ್ತ್ರಜ್ಞರ ಪ್ರಶ್ನೆ. ಮನುಷ್ಯ ಹೋಗಿ ಕೈ ಹಾಕಿ ನೋಡಿದರೆ ಹಕ್ಕಿ ಬೆದರಿ ಗೂಡು ಬಿಟ್ಟುಬಿಡುತ್ತದೆ. ಮನುಷ್ಯ ಹೋಗಬಾರದ ಕಡೆ ಪೆಟ್ಟಿಗೆ ಹೋಯಿತು. ಈ ಪ್ರಯೋಗದ ವಿಷಯ ಓದಿದಾಗ ನನಗೆ ಹಿಡಿಸಿದ್ದು ಅದರ ಯಂತ್ರಗಳಲ್ಲ. ಪ್ರಶ್ನೆ ಹಕ್ಕಿಯ ಕಡೆಯಿಂದ ಹುಟ್ಟಿತ್ತು, ಪೆಟ್ಟಿಗೆ ಆಮೇಲೆ ಬಂದಿತ್ತು, ಅದು.

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ೨೦೦೪ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರೂ ಸೇರಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಇಂಥದೊಂದು ಜಾಲದ ಕೆಲಸ ಹಿಡಿದರು. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಸೀಮೆ ಅದು. ಅವರು ಸೆನ್ಸರ್ ನೆಡುವ ಮೊದಲು ಊರಿನ ರೈತರಲ್ಲಿ ಸಮೀಕ್ಷೆ ಮಾಡಿ, ನಿಮಗೆ ಯಾವ ಮಾಹಿತಿ ಬೇಕು ಎಂದು ಕೇಳಿದರು. ಕೇಳುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಅರ್ಜಿ ನಮೂನೆಗಳಲ್ಲಿ ಯಂತ್ರದ ಪಟ್ಟಿಗೆ ಎರಡು ಪುಟ ಇರುತ್ತದೆ, ಕೇಳಿ ತಿಳಿದದ್ದನ್ನು ಬರೆಯುವುದಕ್ಕೆ ಒಂದು ಸಾಲೂ ಇರುವುದಿಲ್ಲ ಎಂದರೆ ಅದರ ಬೆಲೆ ಗೊತ್ತಾದೀತು.

ಕಳೆದ ಎರಡು ಮಳೆಗಾಲ ನನ್ನ ತಲೆ ತಿನ್ನುತ್ತಿರುವ ಯೋಜನೆ ಒಬ್ಬ ಹುಡುಗಿಯದು. ಪಿಎಚ್.ಡಿ. ಮಾಡಬೇಕೆಂದು ಬಂದವಳು. ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವಳು. ಅವಳಿಗೂ ಮೊದಲು ಚೌಕದೊಳಗಿನ ನೂರು ಚುಕ್ಕೆಯೇ ಹಿಡಿಸಿತ್ತು. ಒಂದು ದಿನ ಮಾತಿನ ನಡುವೆ, 'ಸರ್, ಕೊಳೆ ಬರುವ ಮುಂಚೆ ಹೇಳುವ ಹಾಗೆ ಏನಾದರೂ ಮಾಡಬಹುದಾ?' ಎಂದಳು. ಅಡಿಕೆ ಸೀಮೆಯ ಮನೆಗಳಲ್ಲಿ ಕೊಳೆ ಎಂದರೆ ಸಾಕು, ರೋಗ ಎಂದು ಬಿಡಿಸಿ ಹೇಳುವುದಿಲ್ಲ. ಜಡಿಮಳೆ ಹಿಡಿದ ಕೆಲವು ವಾರಕ್ಕೆ ಎಳೆಗಾಯಿಯ ತೊಟ್ಟಿನ ಹತ್ತಿರ ನೀರಲ್ಲಿ ಅದ್ದಿದಂಥ ಕಡುಹಸಿರು ಮಚ್ಚೆ ಕಾಣುತ್ತದೆ. ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ, ಉದುರಿದ್ದರ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದವರು ಮರದ ಬುಡ ನೋಡಿ ಮಾತಿಲ್ಲದೆ ಹಿಂದಿರುಗಿದರೆ ಮನೆಯ ಹೆಂಗಸರಿಗೆ ಅರ್ಥವಾಗುತ್ತದೆ: ಈ ಸಲದ ಮದುವೆ ಮುಂದಕ್ಕೆ ಹೋಯಿತು.

ಈ ರೋಗಕ್ಕೂ ವಿಜ್ಞಾನಕ್ಕೂ ನಮ್ಮಲ್ಲಿ ಹಳೆಯ ನೆಂಟಸ್ತಿಕೆಯಿದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಬಂದರು. ಅವರು ಕೈಗೆತ್ತಿಕೊಂಡ ಮೊದಲ ಕೆಲಸಗಳಲ್ಲಿ ಕೊಳೆರೋಗವೂ ಒಂದು; ೧೯೧೦ರಲ್ಲಿ ಅದರ ಮೇಲೆ ಪುಸ್ತಿಕೆಯನ್ನೇ ಪ್ರಕಟಿಸಿದರು. 'ಕೊಳೆರೋಗ' ಎಂಬ ನಮ್ಮ ಮಾತನ್ನೇ ಹಾಗೇ ಇಂಗ್ಲಿಷಿನಲ್ಲಿ ಬಳಸಿದರು. ರೋಗಕ್ಕೆ ಕಾರಣ ಫೈಟಾಫ್ತೋರಾ ಎಂಬ ಕುಲದ ಸೂಕ್ಷ್ಮಜೀವಿ. ಅದುವರೆಗೆ ನಮ್ಮವರು ಅಡಿಕೆ ಹಾಳೆಯ ಕೊಟ್ಟೆ ಮಾಡಿ ಕೊನೆಕೊನೆಗೂ ಟೊಪ್ಪಿಗೆ ಹಾಕುತ್ತಿದ್ದರು. ಕೋಲ್ಮನ್ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷ ಕಳೆದರೂ ಮಲೆನಾಡಿನಲ್ಲಿ 'ಔಷಧಿ ಹೊಡೆಯುವುದು' ಎಂದರೆ ಇದೇ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮತ್ತೂ ಒಂದು ಸಲ.

ಈ ಜೀವಿಯ ಬೀಜಾಣುಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜುತ್ತವೆ. ಕಾಯಿಯ ಮೇಲೆ ನೀರಿನ ತೆಳುಪೊರೆ ನಿಂತರೆ ಅವಕ್ಕೆ ಅದೇ ಕೆರೆ. ಹಾಗಾದರೆ ಕೊನೆಯ ಮೇಲೆ ನೀರು ಎಷ್ಟು ತಾಸು ನಿಂತಿತು ಎಂಬುದನ್ನು ಅಳೆದರೆ ರೋಗದ ದಾರಿ ಮುಂಚೆಯೇ ಕಾಣಬಹುದಲ್ಲ? ಇದು ಅವಳ ಊಹೆ. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ತೇವಾಂಶ, ಶಾಖ, ಮಳೆ ಮೂರನ್ನೂ ಅಳೆಯುವ ಇಪ್ಪತ್ತೈದು ಪೆಟ್ಟಿಗೆಗಳ ಚಿತ್ರ ಬರೆದುಕೊಂಡು ಬಂದಳು. ಅರ್ಜಿಗಿಂತ ಮುಂಚೆ ಒಂದು ಸಲ ಜುಲೈ ತಿಂಗಳಲ್ಲಿ ತೋಟದಲ್ಲಿ ನಿಂತು ನೋಡೋಣ ಎಂದೆ. ಅವಳ ಮನೆಗೆ ಎರಡು ಮೈಲಿ ದೂರದ ಇನ್ನೊಬ್ಬ ಯಜಮಾನರ ತೋಟವನ್ನು ಗೊತ್ತು ಮಾಡಿಕೊಂಡೆವು. ಸ್ವಂತ ಮನೆಯ ತೋಟವಾದರೆ ಅಪ್ಪ ಮಗಳ ಮಾತಿಗೆ ಇಲ್ಲವೆನ್ನಲಾರರು, ಇಲ್ಲವೆನ್ನಬಲ್ಲವರು ಬೇಕಿತ್ತು.

ಕೈಯಲ್ಲಿ ಹಿಡಿದ ತೇವಾಂಶ ಮಾಪಕ ಮೊದಲ ದಿನವೇ ಒಂದು ಪಾಠ ಹೇಳಿತು. ಬೆಳಿಗ್ಗೆ ನೋಡಿದರೂ ನೂರರ ಹತ್ತಿರ, ಮಧ್ಯಾಹ್ನ ನೋಡಿದರೂ ನೂರರ ಹತ್ತಿರ, ಸಂಜೆಗೂ ಅಷ್ಟೇ. ಆರಿದ್ರಾ ಪುನರ್ವಸುವಿನಲ್ಲಿ ಮಲೆನಾಡಿನ ಗಾಳಿಯ ತೇವ ಅಳೆಯುವುದು ಹೊಳೆಯಲ್ಲಿ ನಿಂತು ನೀರು ಇದೆಯೇ ಎಂದು ಕೇಳಿದ ಹಾಗೆ. ಏರುಪೇರಿಲ್ಲದ ಸಂಖ್ಯೆಯಿಂದ ಯಾವ ನಿರ್ಧಾರವೂ ಹುಟ್ಟುವುದಿಲ್ಲ. ಅಳೆಯಬೇಕಾದದ್ದು ಗಾಳಿಯ ತೇವವಲ್ಲ, ಕಾಯಿಯ ಮೈಯ ಒದ್ದೆ. ಅದಕ್ಕೊಂದು ಸರಳ ಸೆನ್ಸರ್ ಇದೆ. ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿದಂತೆ ತಾಮ್ರದ ಗೆರೆ ಕೊರೆದ ಹಲಗೆ. ನೀರು ಕೂತರೆ ಗೆರೆಗಳ ನಡುವೆ ವಿದ್ಯುತ್ ಹರಿಯುತ್ತದೆ, ಒಣಗಿದರೆ ನಿಲ್ಲುತ್ತದೆ. ಇದನ್ನು ನೆಲದಲ್ಲಿಟ್ಟರೆ ಪ್ರಯೋಜನವಿಲ್ಲ. ನಲವತ್ತು ಐವತ್ತು ಅಡಿ ಮೇಲೆ, ಸೋಗೆಯ ಬುಡದಲ್ಲಿ, ಕೊನೆಯ ಮಗ್ಗುಲಲ್ಲೇ ಕಟ್ಟಬೇಕು. ಅಲ್ಲಿಗೆ ಬಿಸಿಲು ಗಾಳಿ ತಾಗುವ ರೀತಿಯೇ ಬೇರೆ.

ತೋಟದ ಯಜಮಾನರಿಗೆ ಎಪ್ಪತ್ತು ದಾಟಿದೆ. ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ಅಳೆದು ಬರೆಯುವ ಅಭ್ಯಾಸ, ಮೂವತ್ತು ವರ್ಷದ ಪುಸ್ತಕಗಳಿವೆ. ಮಲೆನಾಡಿನಲ್ಲಿ ಇಂಥವರು ಊರಿಗೊಬ್ಬರಾದರೂ ಸಿಕ್ಕುತ್ತಾರೆ. ಹುಡುಗಿ ಪೆಟ್ಟಿಗೆಯನ್ನು ತೋರಿಸಿ, ಅದು ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತದೆ, ದಿನಕ್ಕೆ ೧೪೪ ಸಲ, ಎಂದು ವಿವರಿಸಿದಳು. ಅವರು ಎಲ್ಲವನ್ನೂ ಕೇಳಿ, ಕವಳದ ತಟ್ಟೆ ಈಚೆಗೆಳೆದುಕೊಂಡು ಕೇಳಿದರು:

'ಅಲ್ಲ ತಂಗಿ, ಅದು ಸೊನ್ನೆ ಅಂತ ತೋರಿಸಿದರೆ ಒದ್ದೆ ಇಲ್ಲ ಅಂತಲೋ, ಪೆಟ್ಟಿಗೆ ಸತ್ತಿದೆ ಅಂತಲೋ?'

ಹುಡುಗಿ ನನ್ನ ಮುಖ ನೋಡಿದಳು. ಈ ವಿಷಯದ ಮೇಲೆ ನಡೆಯುವ ವಿಚಾರಸಂಕಿರಣಗಳಲ್ಲಿ ಕೂತಿದ್ದೇನೆ; ಇಷ್ಟು ನೇರವಾದ ಪ್ರಶ್ನೆ ಅಲ್ಲಿ ಕಿವಿಗೆ ಬಿದ್ದದ್ದು ಕಡಿಮೆ. ಅವರ ಪುಸ್ತಕದಲ್ಲಿ ಮಳೆಯಿಲ್ಲದ ದಿನ ಸೊನ್ನೆ ಬರೆದಿರುತ್ತಾರೆ, ಮನೆಯಲ್ಲಿಲ್ಲದ ದಿನ ಗೀಟು ಎಳೆದಿರುತ್ತಾರೆ. ಎರಡೂ ಬೇರೆ ಎಂಬುದು ಅವರಿಗೆ ಮೂವತ್ತು ವರ್ಷದಿಂದ ಗೊತ್ತು. ಹುಡುಗಿ ಆ ಗೀಟನ್ನು ತನ್ನ ಯೋಜನೆಗೆ ತೆಗೆದುಕೊಂಡಳು. ಹೊಸ ಸುದ್ದಿ ಇರಲಿ ಬಿಡಲಿ, ಪ್ರತಿ ಪೆಟ್ಟಿಗೆಯೂ ಗಂಟೆಗೊಮ್ಮೆ 'ಇದ್ದೇನೆ' ಎಂದು ಹೇಳಬೇಕು, ಜೊತೆಗೆ ತನ್ನ ಬ್ಯಾಟರಿ ಎಷ್ಟಿದೆ ಎಂದೂ ಹೇಳಬೇಕು. ಅದು ಬಾರದಿದ್ದರೆ ಗಣಕ ಸೊನ್ನೆ ಬರೆಯಕೂಡದು, ಗೀಟು ಎಳೆಯಬೇಕು. ಒಂದೊಂದು ಜಾಗದಲ್ಲಿ ಒಂದೇ ಹಲಗೆಯ ಬದಲು ಎರಡು ಹಲಗೆ ಇರಬೇಕು. ಎರಡೂ ಜಗಳವಾಡಿದರೆ ಆ ಜಾಗದ ಮಾತನ್ನು ನಂಬಬಾರದು. ಇಪ್ಪತ್ತೈದು ಜಾಗ ಎಂದು ಬರೆದಿದ್ದದ್ದು ಅಂದೇ ಹನ್ನೆರಡಕ್ಕೆ ಇಳಿಯಿತು.

ಎರಡನೆಯ ಪ್ರಶ್ನೆ ಬಂದದ್ದು ಕೊನೆಗೌಡರಿಂದ. ಮರ ಹತ್ತಿ ಔಷಧಿ ಹೊಡೆಯುವುದು, ಕೊನೆ ಕೊಯ್ಯುವುದು ಅವರ ಕಸಬು. ಒಂದು ಮರದ ತುದಿಯಿಂದ ಇಳಿಯದೆ, ಮರವನ್ನೇ ಬಗ್ಗಿಸಿಕೊಂಡು ಪಕ್ಕದ ಮರಕ್ಕೆ ದಾಟುವುದನ್ನು ಕೆಳಗೆ ನಿಂತು ನೋಡಿದರೂ ನಮ್ಮ ಅಂಗಾಲು ಬೆವರುತ್ತದೆ. ಈಚಿನ ವರ್ಷಗಳಲ್ಲಿ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ, ಆದರೂ ಎಲ್ಲ ತೋಟಕ್ಕೂ ಬಂದಿಲ್ಲ. ಹತ್ತುವವರು ಕಡಿಮೆಯಾಗುತ್ತಿದ್ದಾರೆ, ಅವರ ಮಕ್ಕಳು ಹತ್ತುವುದಿಲ್ಲ. ಅವರು ಕಾಲಿಗೆ ಹಾಕುವ ಹಗ್ಗವನ್ನು ತಿರುವುತ್ತ ಕೂತಿದ್ದವರು ಹುಡುಗಿಯನ್ನು ಕೇಳಿದರು:

'ಅಮ್ಮಾ, ಕಾಯಿ ಒದ್ದೆಯಾಗಿದೆ ಅಂತ ಅದು ಹೇಳ್ತದೆ, ಸರಿ. ಮರ ಒಣಗಿದೆ ಅಂತ ಹೇಳ್ತದಾ?'

ಅವರು ಹೇಳಿದ್ದು ಇಷ್ಟು. ಆಷಾಢದಲ್ಲಿ ಔಷಧಿ ಹೊಡೆಯಬೇಕು ಎಂಬುದು ಎಲ್ಲರಿಗೂ ಗೊತ್ತು, ಅದಕ್ಕೆ ಪೆಟ್ಟಿಗೆ ಬೇಡ. ಹೊಡೆಯುವುದಕ್ಕೆ ಹೊಳವು ಬೇಕು. ಹೊಡೆದದ್ದು ಕಾಯಿಗೆ ಅಂಟಿ ಒಣಗಬೇಕು, ಅದಕ್ಕಿಂತ ಮುಂಚೆ ಮರ ಹತ್ತುವ ಹಾಗಿರಬೇಕು. ಮಳೆ ಬಿಟ್ಟಿದೆ, ಯಜಮಾನರು ಫೋನ್ ಮಾಡುತ್ತಾರೆ, ಇವರು ಆರು ಮೈಲಿ ಬಂದು ನೋಡಿದರೆ ಮರ ಜಾರುತ್ತದೆ. ವಾಪಸು ಹೋದರೆ ಆ ದಿನದ ಕೂಲಿಯಿಲ್ಲ. ಹೋಗದೆ ಹತ್ತಿದರೆ ಏನಾಗಬಹುದೋ ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಪಕ್ಕದೂರಿನ ಒಬ್ಬರ ಹೆಸರು ಹೇಳಿ ಸುಮ್ಮನಾದರು. ಯಾವ ಓಣಿಯ ಮರ ಬೇಗ ಒಣಗುತ್ತದೆ, ಯಾವ ಓಣಿಯದು ಮಧ್ಯಾಹ್ನವಾದರೂ ಒಣಗುವುದಿಲ್ಲ ಎಂದು ಬೆಳಿಗ್ಗೆ ಒಂಬತ್ತಕ್ಕೆ ಗೊತ್ತಾದರೆ ಸಾಕು ಎಂದರು.

ಆ ರಾತ್ರಿ ಹುಡುಗಿ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಬರೆಯತೊಡಗಿದಳು. ನಮ್ಮ ಪುಸ್ತಕಗಳು ಸೆನ್ಸರಿನಿಂದ ಶುರುಮಾಡಿ, ರೇಡಿಯೋ ದಾಟಿ, ಗಣಕಕ್ಕೆ ಬಂದು, ಕೊನೆಯ ಪುಟದಲ್ಲಿ 'ಬಳಕೆದಾರ'ನಿಗೆ ಬರುತ್ತವೆ. ಅವಳು ಮೊದಲು ಬರೆದದ್ದು: ಯಾರು, ಎಷ್ಟು ಹೊತ್ತಿಗೆ, ಯಾವ ನಿರ್ಧಾರ ಮಾಡಬೇಕು? ಆ ನಿರ್ಧಾರಕ್ಕೆ ಯಾವ ಅಂಕಿ ಬೇಕು? ಎಷ್ಟು ತಡವಾದರೆ ಅದು ನಿರುಪಯೋಗಿ? ಇದಕ್ಕೆಲ್ಲ ಉತ್ತರ ಬರೆದ ಮೇಲೆ ಉಳಿದ ಲೆಕ್ಕಗಳು ತಾವಾಗಿ ಸಾಲುಗಟ್ಟಿದವು.

ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಮರದ ತುದಿಯ ಪೆಟ್ಟಿಗೆಗೆ ಸೆಲ್ ಬದಲಾಯಿಸಲು ಯಾರಾದರೂ ಹತ್ತಬೇಕು. ನಮ್ಮ ಸೆಲ್‌ಗಾಗಿ ಒಬ್ಬ ಮನುಷ್ಯ ಮಳೆಗಾಲದಲ್ಲಿ ಒಂದು ಸಲವೂ ಹೆಚ್ಚಿಗೆ ಹತ್ತಬಾರದು ಎಂದು ಅವಳು ನಿಯಮ ಮಾಡಿಕೊಂಡಳು. ಮೇ ಕೊನೆಯಲ್ಲಿ ಮೊದಲ ಔಷಧಿಗೆ ಹತ್ತುವಾಗ ಪೆಟ್ಟಿಗೆ ಮೇಲೆ ಹೋಗಬೇಕು, ಕೊಯ್ಲಿಗೆ ಹತ್ತುವಾಗ ಕೆಳಗೆ ಬರಬೇಕು. ಅಂದರೆ ಎಂಟು ತಿಂಗಳು ಬಾಳಬೇಕು. ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ ಎರಡು ಹಾಕಿದರೆ ಸಿಕ್ಕುವುದು ಸುಮಾರು ೨೫೦೦ ಮಿಲಿ ಆಂಪಿಯರ್ ಗಂಟೆ. ರೇಡಿಯೋ ಎಚ್ಚರವಾಗಿದ್ದರೆ ೨೦ ಮಿಲಿ ಆಂಪಿಯರ್ ಕುಡಿಯುತ್ತದೆ. ಸದಾ ಎಚ್ಚರವಿದ್ದರೆ ೧೨೫ ಗಂಟೆ, ಐದು ದಿನಕ್ಕೆ ಕಥೆ ಮುಗಿಯಿತು. ನೂರು ಸೆಕೆಂಡಿಗೆ ಒಂದೇ ಸೆಕೆಂಡು ಎಚ್ಚರವಿದ್ದು ಉಳಿದ ಹೊತ್ತು ನಿದ್ದೆ ಮಾಡಿದರೆ ಹದಿನೇಳು ತಿಂಗಳು. ಮಳೆಗಾಲದ ಚಳಿ, ತೇವ, ಸೆಲ್ಲಿನ ಲೋಪ ಎಂದು ಅರ್ಧ ಕಳೆದರೂ ಎಂಟು ತಿಂಗಳು ಸಿಕ್ಕುತ್ತದೆ. ಕೊನೆಗೌಡರ ಪಂಚಾಂಗಕ್ಕೆ ಸರಿಯಾಗಿ ಕೂಡಿತು.

ಈ ರೇಡಿಯೋಗಳಲ್ಲಿ ಒಂದು ವಿಚಿತ್ರವಿದೆ, ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಮಾತಾಡುವುದಕ್ಕೆ ಹೆಚ್ಚು ಶಕ್ತಿ ಬೇಕು, ಕೇಳುವುದು ಪುಕ್ಕಟೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಇಂಥ ಪುಟ್ಟ ರೇಡಿಯೋಗಳಲ್ಲಿ ಕೇಳುವ ಖರ್ಚು ಮಾತಾಡುವ ಖರ್ಚಿನಷ್ಟೇ ಇರುತ್ತದೆ. ಕೆಲವು ಚಿಪ್‌ಗಳಲ್ಲಿ ಕೇಳುವುದೇ ಒಂದು ಕೈ ಹೆಚ್ಚು. ಮಾತು ಕ್ಷಣದಲ್ಲಿ ಮುಗಿಯುತ್ತದೆ, ಯಾರು ಯಾವಾಗ ಮಾತಾಡುತ್ತಾರೋ ಎಂದು ಕಿವಿ ತೆರೆದು ಕೂರುವುದಕ್ಕೇ ಬ್ಯಾಟರಿ ಕರಗುತ್ತದೆ. ಆದ್ದರಿಂದ ಎಲ್ಲ ಪೆಟ್ಟಿಗೆಗಳೂ ಒಂದೇ ಹೊತ್ತಿಗೆ ಎದ್ದು, ಹೇಳಿ, ಕೇಳಿ, ಮತ್ತೆ ಮಲಗುವಂತೆ ಗಡಿಯಾರ ಹೊಂದಿಸಬೇಕು.

ರೇಡಿಯೋ ಎಷ್ಟು ದೂರ ಮುಟ್ಟುತ್ತದೆ ಎಂಬುದು ಇನ್ನೊಂದು ಲೆಕ್ಕ. ೨೦೦೫ರಲ್ಲಿ ಕೇಂದ್ರ ಸರ್ಕಾರ ೮೬೫ರಿಂದ ೮೬೭ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿತು. ಅಲ್ಲಿ ಅಲೆಯ ಉದ್ದ ಒಂದಡಿಗಿಂತ ಸ್ವಲ್ಪ ಹೆಚ್ಚು; ವೈಫೈ ಬಳಸುವ ೨.೪ ಗಿಗಾಹರ್ಟ್ಸ್‌ನಲ್ಲಿ ಐದು ಅಂಗುಲ. ಎಲೆ ಕೊಂಬೆಗಳ ನಡುವೆ ನುಸುಳಲು ಉದ್ದ ಅಲೆಯೇ ವಾಸಿ ಎಂದು ಅವಳು ಮೊದಲನೆಯದನ್ನು ಆರಿಸಿದಳು. ಕಂಪನಿಯ ಕಾಗದದಲ್ಲಿ ಮುದ್ರಿಸಿರುವ ದೂರ ಬಯಲಿನದು, ಬಿಸಿಲಿನದು. ಸೋಗೆಗಳಿಂದ ನೀರು ಸುರಿಯುತ್ತಿರುವಾಗ ಎಷ್ಟು ಎಂಬುದನ್ನು ಜುಲೈಯಲ್ಲಿ ಅಲ್ಲೇ ನಿಂತು ಅಳೆದು, ಬಂದದ್ದರ ಅರ್ಧವನ್ನು ಮಾತ್ರ ನಂಬುವುದೆಂದು ಬರೆದುಕೊಂಡಳು.

ಇಷ್ಟು ಅನುಮಾನ ಯಾಕೆ ಎಂದರೆ ನಮ್ಮ ಮುಂದೆ ಒಂದು ಆಲೂಗಡ್ಡೆ ಹೊಲದ ಕಥೆಯಿತ್ತು. ೨೦೦೫ರಲ್ಲಿ ನೆದರ್‌ಲೆಂಡ್ಸ್‌ನ 'ಲೋಫಾರ್ ಆಗ್ರೋ' ಯೋಜನೆಯವರು ಆಲೂಗಡ್ಡೆ ಹೊಲವೊಂದರಲ್ಲಿ ನೂರಕ್ಕೂ ಹೆಚ್ಚು ಪೆಟ್ಟಿಗೆ ಇಟ್ಟರು. ಅವರ ಶತ್ರುವೂ ಫೈಟಾಫ್ತೋರಾವೇ, ನಮ್ಮ ಕೊಳೆಯ ದಾಯಾದಿ. ತೇವ ನೋಡಿ ರೋಗದ ಮುನ್ಸೂಚನೆ ಹೇಳುವುದು, ಔಷಧಿ ಕಡಿಮೆ ಮಾಡುವುದು ಉದ್ದೇಶ. ಬರಬೇಕಾದ ಅಂಕಿಗಳಲ್ಲಿ ಅವರ ಕೈಗೆ ಬಂದದ್ದು ಶೇಕಡಾ ೨. ಒಂದು ದೊಡ್ಡ ತಪ್ಪೇನೂ ಆಗಿರಲಿಲ್ಲ, ಸಣ್ಣ ಸಣ್ಣವು ಒಂದರ ಬೆನ್ನಿಗೊಂದು ಬಂದವು. ದೊಡ್ಡ ಮಾತೆಂದರೆ, ಅವರು ಅದನ್ನು ಮುಚ್ಚಿಡದೆ ೨೦೦೬ರಲ್ಲಿ ಪ್ರಬಂಧವಾಗಿ ಬರೆದರು. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ, ಮರ್ಫಿಗೆ ಆಲೂಗಡ್ಡೆ ಎಂದರೆ ಪ್ರೀತಿ. ಕೆಡಬಹುದಾದದ್ದು ಕೆಟ್ಟೇ ತೀರುತ್ತದೆ ಎಂದ ಮರ್ಫಿ ಅವನು. ನನ್ನ ವಿದ್ಯಾರ್ಥಿಗಳಿಗೆಲ್ಲ ಮೊದಲು ಓದಿಸುವ ಪ್ರಬಂಧ ಇದೇ. ಗೆದ್ದವರ ಪ್ರಬಂಧದಿಂದ ಆಸೆ ಹುಟ್ಟುತ್ತದೆ, ಸೋತವರ ಪ್ರಬಂಧದಿಂದ ಕೆಲಸದ ಪಟ್ಟಿ ಸಿಕ್ಕುತ್ತದೆ.

ಎಲ್ಲಕ್ಕಿಂತ ಕಷ್ಟದ ಭಾಗ ಯಂತ್ರದ್ದಾಗಿರಲಿಲ್ಲ. ಒದ್ದೆಗೂ ರೋಗಕ್ಕೂ ಇರುವ ಸಂಬಂಧ ತಿಳಿಯಬೇಕಾದರೆ ಔಷಧಿ ಹೊಡೆಯದ ಮರಗಳು ಕೆಲವಾದರೂ ಬೇಕು. ಹೊಡೆದ ಮರದಲ್ಲಿ ರೋಗ ಬಾರದಿದ್ದರೆ ಅದು ಒದ್ದೆ ಕಡಿಮೆಯಾದದ್ದರಿಂದಲೋ ಮೈಲುತುತ್ತದಿಂದಲೋ ಹೇಗೆ ಹೇಳುವುದು? ಹುಡುಗಿ ಇದನ್ನು ಯಜಮಾನರಿಗೆ ಹೇಳುವ ಹೊತ್ತಿಗೆ ಅವಳ ದನಿ ಸಣ್ಣದಾಗಿತ್ತು. ಅಡಿಕೆ ಮನೆಯ ಮಗಳು, ಕೇಳುತ್ತಿರುವುದು ಏನೆಂದು ಅವಳಿಗೆ ಗೊತ್ತು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಬಿಟ್ಟ ಮರದ್ದು ಹೋದರೆ ಹೋಯಿತು. ಅಲ್ಲಿಂದ ಪಕ್ಕದ ಮರಕ್ಕೆ ಹಾರಿದರೆ?' ಎಂದರು. ಮರುದಿನ ಅವರೇ ಹೊಳೆಯ ಕಡೆಯ ಮೂಲೆಗೆ ಕರೆದುಕೊಂಡು ಹೋಗಿ ನಲವತ್ತು ಹಳೆಯ ಮರಗಳನ್ನು ತೋರಿಸಿದರು.

ಅಲ್ಲಿಯೇ ನಿಂತು ಮೂರು ಕರಾರು ಆದವು. ಆ ನಲವತ್ತು ಮರದ ಫಸಲನ್ನು, ಹಿಂದಿನ ಮೂರು ವರ್ಷದ ಸರಾಸರಿ ಹಿಡಿದು, ಯೋಜನೆಯೇ ಮುಂಗಡ ಕೊಂಡುಕೊಳ್ಳಬೇಕು. ಫಸಲು ಉಳಿದರೂ ಹೋದರೂ ಹಣ ಅವರದು. ಸುತ್ತಲಿನ ಎರಡು ಸಾಲು ಮರಕ್ಕೆ ಯೋಜನೆಯ ಖರ್ಚಿನಲ್ಲೇ ಒಂದು ಸಲ ಹೆಚ್ಚಿಗೆ ಔಷಧಿ ಹೊಡೆಸಬೇಕು. ಮೂರನೆಯದು ಹುಡುಗಿಯೇ ಹಾಕಿಕೊಂಡದ್ದು: ಮೊದಲ ಎರಡು ಮಳೆಗಾಲ ಈ ಜಾಲ ಯಾರಿಗೂ 'ಈ ಸಲ ಔಷಧಿ ಬೇಡ' ಎಂಬ ಸಲಹೆ ಕೊಡುವುದಿಲ್ಲ. ಅಳೆಯುತ್ತದೆ, ಬರೆಯುತ್ತದೆ, ಅಷ್ಟೆ. ಮರ ಒಣಗಿದೆಯೇ ಎಂಬ ಸುದ್ದಿಯನ್ನು ಮಾತ್ರ ಮೊದಲ ವರ್ಷದಿಂದಲೇ ಕಳಿಸುತ್ತದೆ, ಅದೂ 'ಒದ್ದೆ' ಅಥವಾ 'ಗೊತ್ತಿಲ್ಲ' ಎಂದು. 'ಒಣಗಿದೆ, ಹತ್ತಿ' ಎಂದು ಯಾವ ಕಾರಣಕ್ಕೂ ಹೇಳುವುದಿಲ್ಲ. ವ್ಯರ್ಥವಾಗಿ ಬರುವ ಆರು ಮೈಲಿ ತಪ್ಪಿದರೆ ಸಾಕು. ಹತ್ತುವ ನಿರ್ಧಾರ ಹತ್ತುವವರದು.

ಅರ್ಜಿ ಕಳಿಸಿದ ಮೇಲೆ ಸಮಿತಿಯ ಮುಂದೆ ಹೋದೆವು. ಯಾವ ಸಮಿತಿ ಎಂಬುದು ಇಲ್ಲಿ ಮುಖ್ಯವಲ್ಲ, ಎಲ್ಲ ಸಮಿತಿಗಳ ಮೇಜೂ ಒಂದೇ ಬಣ್ಣದ್ದಿರುತ್ತದೆ. ಪೆಟ್ಟಿಗೆ ಹನ್ನೆರಡೇ ಯಾಕೆ, ನೂರಾದರೂ ಇರಬೇಡವೇ ಎಂದು ಒಬ್ಬರು ಕೇಳಿದರು. ಇದರಲ್ಲಿ ಹೊಸ ಕ್ರಮ ಎಲ್ಲಿದೆ ಎಂದು ಇನ್ನೊಬ್ಬರು. ಆಮೇಲೆ ಅಧ್ಯಕ್ಷರು ಬಜೆಟ್ಟಿನ ಪುಟ ತಿರುವಿ, ನಲವತ್ತು ಮರದ ಅಡಿಕೆ ಕೊಂಡುಕೊಳ್ಳುವುದು ಸಂಶೋಧನೆಯ ಖರ್ಚು ಹೇಗಾಗುತ್ತದೆ, ಈ ಬಾಬತ್ತು ತೆಗೆಯಿರಿ ಎಂದರು. ಹುಡುಗಿ ಎದ್ದು ನಿಂತು ಹೇಳಿದಳು: 'ಸರ್, ಪ್ರಯೋಗಾಲಯದಲ್ಲಿ ಪ್ರಯೋಗ ಕೆಟ್ಟರೆ ರಾಸಾಯನಿಕದ ದುಡ್ಡು ಸಂಸ್ಥೆಯದು. ಇಲ್ಲಿ ಪ್ರಯೋಗಾಲಯ ಬೇರೆಯವರ ಮನೆಯ ಅನ್ನ.' ಆ ಮಾತನ್ನು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಒಂದು ತಿಂಗಳ ಮೇಲೆ ಉತ್ತರ ಬಂತು. ಯೋಜನೆ ಮಂಜೂರಾಗಿದೆ, ಮೊತ್ತದಲ್ಲಿ ಮೂರನೆಯ ಒಂದು ಪಾಲು ಕಡಿತ. ಯಾವುದನ್ನು ಬಿಡಬೇಕೆಂಬುದು ನಿಮಗೇ ಬಿಟ್ಟದ್ದು. ಅಂದು ಸಂಜೆ ಅವಳು ಕೆಂಪು ಪೆನ್ನು ಹಿಡಿದು ಕೂತಳು. ಮರದ ಬಾಬತ್ತನ್ನು ಮುಟ್ಟಲಿಲ್ಲ. ಹನ್ನೆರಡು ಪೆಟ್ಟಿಗೆಯನ್ನು ಎಂಟು ಮಾಡಿದಳು. ಕೊನೆಯ ಎತ್ತರದಲ್ಲಿ ಆರು, ಮೂರು ಔಷಧಿ ಹೊಡೆದ ಮರಕ್ಕೆ, ಮೂರು ಹೊಡೆಯದ್ದಕ್ಕೆ. ಮನೆಯ ಜಗಲಿಯಲ್ಲಿ ಮಳೆಮಾಪಕದ ಜೊತೆ ಒಂದು. ಮರದ ಮೈಯ ಒದ್ದೆ ನೋಡುವುದು ಒಂದು. ಸಮಿತಿಗೆ ಕೊಟ್ಟ ಉದ್ದೇಶಗಳ ಪಟ್ಟಿಯಲ್ಲಿ ಈ ಕೊನೆಯದರ ಮಾತೇ ಇರಲಿಲ್ಲ. ವಿದೇಶದ ವಿಚಾರಸಂಕಿರಣಕ್ಕೆ ಹೋಗಿಬರುವ ಖರ್ಚನ್ನೂ ಹೊಡೆದುಹಾಕಿದಳು. ಅದು ಅವಳ ಆಸೆಯಾಗಿತ್ತು, ನಾನು ಬೇಡ ಎನ್ನುವಷ್ಟರಲ್ಲಿ ಗೀಟು ಬಿದ್ದಿತ್ತು.

ಈಗ ಫೆಬ್ರವರಿ. ಎಂಟು ಪೆಟ್ಟಿಗೆಗಳಲ್ಲಿ ನಾಲ್ಕು ಸಿದ್ಧವಾಗಿ ಹೆಂಗಸರ ಹಾಸ್ಟೆಲಿನ ಬಚ್ಚಲುಮನೆಯಲ್ಲಿ ಷವರಿನ ಕೆಳಗೆ ಕೂತಿವೆ. ಮಳೆಗಾಲಕ್ಕೆ ಕಾಯದೆ ಮಳೆಯನ್ನು ತರಿಸಿಕೊಳ್ಳುವುದಕ್ಕೆ ಕಾಲೇಜಿನಲ್ಲಿ ಬೇರೆ ಜಾಗವಿಲ್ಲ. ಮೈಲುತುತ್ತ ಸುಣ್ಣ ಕಲಸಿ ಒದ್ದೆಯ ಹಲಗೆಗಳಿಗೂ ಬಳಿದು ನೋಡುತ್ತಿದ್ದಾಳೆ, ಕೊನೆಗೌಡರು ಕೊನೆಗೆ ಔಷಧಿ ಹೊಡೆಯುವಾಗ ಅದು ಹಲಗೆಗೂ ಬಿದ್ದೇ ಬೀಳುತ್ತದೆ. ಆ ನೀಲಿ ಪದರ ಒಣಗಿದ್ದನ್ನೂ ಒದ್ದೆಯೆಂದು ಹೇಳಿಸಬಹುದು. ನಿನ್ನೆ ರಾತ್ರಿ ಒಂದು ಪೆಟ್ಟಿಗೆಯೊಳಗೆ ನೀರು ಹೋಗಿದೆ, ಮುಚ್ಚಳದ ರಬ್ಬರು ಸರಿಯಿಲ್ಲ. ಅದು ಗಂಟೆಗೊಮ್ಮೆ 'ಇದ್ದೇನೆ' ಎನ್ನುತ್ತಿದ್ದದ್ದು ಹನ್ನೊಂದು ಗಂಟೆಗೆ ನಿಂತಿತು. ಗಣಕ ಸೊನ್ನೆ ಬರೆಯಲಿಲ್ಲ, ಗೀಟು ಎಳೆದಿದೆ ಎಂದು ಬೆಳಿಗ್ಗೆ ಓಡಿಬಂದು ತೋರಿಸಿದಳು. ಮೇ ಕೊನೆಗೆ ಇನ್ನು ಮೂರು ತಿಂಗಳಿದೆ.